ಘಾಟಿ ಓಪನ್ ಉಂಟಾ? ನಾಲ್ಕು ಸ್ವಿಚ್, 16 ಗೊಂದಲ

ಮಳೆಗಾಲದಲ್ಲಿ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಹೋಗುವವರು ಹೊರಡುವ ಮೊದಲೇ ಕೇಳುತ್ತಾರೆ: ‘ಘಾಟಿ ಓಪನ್ ಉಂಟಾ?’ ಹೌದು, ಇಲ್ಲ ಎಂದರೆ ಉತ್ತರ ಮುಗಿಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಆಮೇಲೆ ಲಘು ವಾಹನಗಳಿಗಷ್ಟೇ ದಾರಿ ಬಿಟ್ಟರು. ರಾತ್ರಿ ಸಂಚಾರಕ್ಕೂ ನಿರ್ಬಂಧ ಬಂತು. ಇಷ್ಟನ್ನೂ ಮೊಬೈಲ್ ಆ್ಯಪ್‌ನ ಒಂದು ಪುಟ್ಟ ಫಲಕ ಹೇಳಬೇಕು ಎಂದಿಟ್ಟುಕೊಳ್ಳಿ. ರೆಡಿಮೇಡ್ ಬಟನ್, ಲೇಬಲ್‌ಗಳು ಸಾಲದಾದಾಗ ಪ್ರೋಗ್ರಾಮರ್‌ಗಳು ಕಟ್ಟಿಕೊಳ್ಳುವ ‘ಕಸ್ಟಮ್ ಕಾಂಪೊನೆಂಟ್’ ಎಂದರೆ ಇಂಥದ್ದೇ.

ಎಲ್ಲಿ ಕೆಡುತ್ತದೆ?

ಶುರುವಿಗೆ ‘ಬಂದ್’ ಎಂಬ ಒಂದೇ ಸ್ವಿಚ್. ಬಳಿಕ ‘ಲಘು ವಾಹನ ಮಾತ್ರ’, ‘ರಾತ್ರಿ ನಿಷೇಧ’, ‘ಮಳೆ ಎಚ್ಚರಿಕೆ’ ಸೇರುತ್ತವೆ. ನಾಲ್ಕು ಸ್ವಿಚ್ಚಿಗೆ 16 ಜೋಡಣೆ. ರಸ್ತೆಯೇ ಬಂದ್ ಇರುವಾಗ ‘ಲಘು ವಾಹನ ಮಾತ್ರ’ ಎಂಬುದಕ್ಕೆ ಅರ್ಥವಿಲ್ಲ, ಆದರೂ ಕೋಡ್ ಒಪ್ಪಿಕೊಳ್ಳುತ್ತದೆ. ಬಣ್ಣವನ್ನೂ ಫಲಕ ಬಳಸುವ ಪ್ರೋಗ್ರಾಮರ್‌ಗಳ ಕೈಗೇ ಬಿಟ್ಟರೆ, ಅದೇ ಸುದ್ದಿ ಒಂದು ಪುಟದಲ್ಲಿ ಕೆಂಪು, ಇನ್ನೊಂದರಲ್ಲಿ ಹಳದಿ.

ಪರಿಹಾರ ಸರಳ. ಒಟ್ಟಿಗೆ ಬರಲಾಗದವನ್ನು ಒಂದೇ ಪಟ್ಟಿಗೆ ಸೇರಿಸಿ: ಮುಕ್ತ, ಲಘು ವಾಹನ ಮಾತ್ರ, ಬಂದ್. ಈ ಮೂರರಲ್ಲಿ ಒಂದನ್ನೇ ಆರಿಸಬೇಕು. ಮಳೆ ಎಚ್ಚರಿಕೆ ಯಾವುದರ ಜೊತೆಗೂ ಬರಬಹುದು, ಅದು ಪ್ರತ್ಯೇಕ. ರಾತ್ರಿ ನಿಷೇಧ ಬಂದ್ ಬಿಟ್ಟು ಉಳಿದೆರಡಕ್ಕೆ ಅಂಟಿಕೊಂಡಿರಲಿ. ಫಲಕ ಬಳಸುವ ಪ್ರೋಗ್ರಾಮರ್‌ಗಳು ರಸ್ತೆಯ ಸ್ಥಿತಿಯನ್ನಷ್ಟೇ ಹೇಳಲಿ. ಬಣ್ಣ, ಚಿಹ್ನೆ, ಅಂತರವನ್ನು ಫಲಕವೇ ತೀರ್ಮಾನಿಸಲಿ.

ದೊಡ್ಡವರ ದಾರಿ

ಐಫೋನ್ ಬಟನ್ನಿನಲ್ಲಿ ಶೀರ್ಷಿಕೆ, ಚಿತ್ರ, ಒಳಅಂಚುಗಳನ್ನು ಬಿಡಿಬಿಡಿಯಾಗಿ ತಿದ್ದುವ ಕಾಲವಿತ್ತು. 2021ರ ಐಓಎಸ್ 15ರಲ್ಲಿ ಆ್ಯಪಲ್ ಅವನ್ನೆಲ್ಲ ‘ಕಾನ್ಫಿಗರೇಶನ್’ ಎಂಬ ಒಂದೇ ಕಟ್ಟಿನಲ್ಲಿ ತಂದಿತು. ಅದು ವ್ಯಾಲ್ಯೂ ಟೈಪ್. ನಕಲು ಮಾಡಿ ತಿದ್ದಿದರೆ ಮೂಲ ಕದಲುವುದಿಲ್ಲ. ಅದೇ ವರ್ಷ 1.0 ಆವೃತ್ತಿ ಕಂಡ ಆಂಡ್ರಾಯ್ಡ್ ಆ್ಯಪ್‌ಗಳ ಪರದೆ ಕಟ್ಟುವ ಸಾಧನ ಜೆಟ್‌ಪ್ಯಾಕ್ ಕಂಪೋಸ್‌ನಲ್ಲೂ ಬಟನ್ನಿನ ಡೀಫಾಲ್ಟ್ ಬಣ್ಣ, ಅಂತರಗಳಿಗೆ ಒಂದೇ ಠಾವು.

ಒತ್ತಕ್ಷರದ ಪರೀಕ್ಷೆ

ಇಂಗ್ಲಿಷ್ ಅಕ್ಷರ ನೋಡಿ ಫಲಕದ ಎತ್ತರವನ್ನು ಇಂತಿಷ್ಟೇ ಎಂದು ಬಿಗಿದರೆ ಈ ಘಾಟಿ ರಸ್ತೆಯ ಹೆಸರಾದ ‘ರಾಷ್ಟ್ರೀಯ ಹೆದ್ದಾರಿ 73’ ಎಂಬಲ್ಲಿ ಕೈಕೊಡುತ್ತದೆ. ‘ಷ್ಟ್ರೀ’ಯಲ್ಲಿ ಟ, ರ ಎರಡೂ ಒತ್ತಾಗಿ ಕೆಳಗಿಳಿಯುತ್ತವೆ, ಬುಡ ಕತ್ತರಿಸಿಹೋಗುತ್ತದೆ. ಕನ್ನಡದ ಪುಟಗಳಿಗೆಂದು ‘ಎತ್ತರ’ ಎಂಬ ಇನ್ನೊಂದು ಆಯ್ಕೆ ಸೇರಿಸುವುದು ತೇಪೆ ಕೆಲಸ. ಎತ್ತರವನ್ನು ಪಠ್ಯವೇ ನಿರ್ಧರಿಸುವಂತೆ ಒಳಗೇ ಬರೆದರೆ ಆ ಆಯ್ಕೆಯೇ ಬೇಡ. ಒಳ್ಳೆಯ ಕಾಂಪೊನೆಂಟಿನ ಅರ್ಧ ಜಾಣ್ಮೆ ಇರುವುದು ಯಾವ ಆಯ್ಕೆ ಕೊಡಬಾರದು ಎಂಬುದರಲ್ಲಿ.

ಹಾಗೆಂದು ಎಲ್ಲವನ್ನೂ ಮುಚ್ಚಿಟ್ಟರೆ, ಬೇಸತ್ತವರು ಇಡೀ ಫಲಕವನ್ನೇ ನಕಲು ಮಾಡಿ ತಮ್ಮದೊಂದು ಮಾಡಿಕೊಳ್ಳುತ್ತಾರೆ. ಅಪರೂಪದ ಅಗತ್ಯಕ್ಕೆ ‘ಇಲ್ಲಿ ನಿಮ್ಮ ವಿಷಯ ಹಾಕಿ’ ಎನ್ನುವ ಒಂದು ಖಾಲಿ ಜಾಗ ಬಿಟ್ಟರೆ ಸಾಕು.

‘ಲಘು ವಾಹನ ಮತ್ತು ಬಸ್ ಮಾತ್ರ’ ಎಂಬ ಹೊಸ ನಿಯಮ ಬಂತು ಎನ್ನಿ. ಪಟ್ಟಿಗೆ ನಾಲ್ಕನೆಯ ಸ್ಥಿತಿ ಸೇರಿಸಿದೊಡನೆ, ಪ್ರತಿ ಸ್ಥಿತಿಯನ್ನೂ ಹೆಸರಿಸಿ ಆ್ಯಪಲ್‌ನ ಸ್ವಿಫ್ಟ್ ಭಾಷೆಯಲ್ಲಿ ಬರೆದ ಕೋಡ್ ಬಿಲ್ಡ್ ಆಗದೆ ನಿಲ್ಲುತ್ತದೆ. ಹೊಸ ನಿಯಮವನ್ನು ಎಲ್ಲೆಲ್ಲಿ ಬರೆದಿಲ್ಲವೋ ಆ ಸಾಲುಗಳನ್ನು ಕಂಪೈಲರ್ ತೋರಿಸುತ್ತದೆ. ಐದನೆಯ ಸ್ವಿಚ್ ಹಾಕಿದ್ದರೆ ಆ ತಪ್ಪು ಕಾಣುತ್ತಿದ್ದುದು ಪ್ರಯಾಣಿಕನಿಗೆ.