ರೈಲು ಪ್ರಯಾಣದಲ್ಲಿ ಮದ್ಯಪಾನ ಮತ್ತು ದುರ್ವರ್ತನೆ

ರಾತ್ರಿಯಿಡೀ ಸಾಗುವ ರೈಲುಗಾಡಿಯಲ್ಲಿ ಅಪರಿಚಿತರೇ ನೆರೆಹೊರೆಯವರಾಗುತ್ತಾರೆ. ಅವರಲ್ಲೊಬ್ಬನು ಕುಡಿದು ಕೂಗಾಡತೊಡಗಿದರೆ ಇಡೀ ಬೋಗಿಯ ನೆಮ್ಮದಿ ಕೆಡುತ್ತದೆ; ಒಂಟಿಯಾಗಿ ಪ್ರಯಾಣಿಸುವ ಮಹಿಳೆಯರೂ ವೃದ್ಧರೂ ಭಯದಿಂದ ರಾತ್ರಿ ಕಳೆಯಬೇಕಾಗುತ್ತದೆ. ಆದರೂ ಹೊಡೆದಾಟವೇನೂ ನಡೆದಿಲ್ಲವೆಂಬ ಕಾರಣಕ್ಕೆ, ದೂರು ನೀಡಲು ಅವಕಾಶವಿಲ್ಲವೆಂದು ಭಾವಿಸಿ ಅನೇಕರು ಸುಮ್ಮನಾಗುತ್ತಾರೆ. ಈ ಭಾವನೆ ಸರಿಯಲ್ಲ.

1989ರ ರೈಲ್ವೆ ಕಾಯಿದೆಯ 145ನೆಯ ಕಲಮಿನ ಪ್ರಕಾರ, ಗಾಡಿಯಲ್ಲಾಗಲಿ ರೈಲ್ವೆ ಆವರಣದಲ್ಲಾಗಲಿ ಅಮಲೇರಿದ ಸ್ಥಿತಿಯಲ್ಲಿರುವುದೇ ದಂಡನಾರ್ಹ. ಬೈಗುಳ ಅಥವಾ ಅಶ್ಲೀಲ ಮಾತು, ಅಸಭ್ಯ ವರ್ತನೆ, ಪ್ರಯಾಣಿಕರ ಸೌಕರ್ಯಗಳಿಗೆ ಉದ್ದೇಶಪೂರ್ವಕ ಅಡ್ಡಿ ಇವೂ ಅದರ ವ್ಯಾಪ್ತಿಗೆ ಸೇರುತ್ತವೆ. ಅಂಥವರನ್ನು ಹೊರಗೆ ಕಳುಹಿಸುವ ಅಧಿಕಾರವನ್ನು ಯಾವುದೇ ರೈಲ್ವೆ ನೌಕರನಿಗೆ ನೀಡಲಾಗಿದೆ. ಟಿಕೆಟು ಅಥವಾ ಪಾಸಿನ ಮುಟ್ಟುಗೋಲಲ್ಲದೆ, 6 ತಿಂಗಳವರೆಗಿನ ಕಾರಾವಾಸವನ್ನೂ 500 ರೂಪಾಯಿವರೆಗಿನ ದಂಡವನ್ನೂ 1989ರಲ್ಲಿ ಕಾಯಿದೆಯು ಗೊತ್ತುಪಡಿಸಿತು.

ಮುಂಬಯಿಯಿಂದ ದೆಹಲಿಗೆ ಹೋಗುವ ಅನೇಕ ಗಾಡಿಗಳು ಗುಜರಾತಿನ ಮೂಲಕ ಹಾದುಹೋಗುತ್ತವೆ. ಅಲ್ಲಿ ಮದ್ಯನಿಷೇಧ ಜಾರಿಯಲ್ಲಿದೆ. 2016ರಿಂದ ಬಿಹಾರದಲ್ಲಿಯೂ ಇದೆ. ಇಂಥ ರಾಜ್ಯಗಳಲ್ಲಿ ಮದ್ಯವನ್ನು ಸಾಮಾನಿನೊಂದಿಗೆ ಒಯ್ಯುವವರೂ ತೊಂದರೆಗೆ ಸಿಲುಕಬಹುದು.

ಕುಡಿದವನೊಡನೆ ವಾಗ್ವಾದಕ್ಕಿಳಿಯುವುದು ಅಪಾಯಕರ. ತೊಂದರೆಗೊಳಗಾದವರು ಮೊದಲು ಟಿಕೆಟು ಪರೀಕ್ಷಕರಿಗೆ, ಬೋಗಿಯ ಸಹಾಯಕರಿಗೆ ಅಥವಾ ಬೆಂಗಾವಲಿನ ಪೊಲೀಸರಿಗೆ ತಿಳಿಸಬೇಕು. ಅವರು ಹತ್ತಿರದಲ್ಲಿಲ್ಲದಿದ್ದರೆ 139 ಸಂಖ್ಯೆಗೆ ದೂರವಾಣಿ ಮಾಡಬಹುದು. ಭದ್ರತೆಗೆಂದೇ ಇದ್ದ 182 ಸಂಖ್ಯೆಯನ್ನು 2021ರಲ್ಲಿ ಇದರೊಂದಿಗೆ ವಿಲೀನಗೊಳಿಸಲಾಯಿತು. ಗಾಡಿಯ ಸಂಖ್ಯೆ, ಬೋಗಿ, ಆಸನದ ಸಂಖ್ಯೆ ಮತ್ತು ಮುಂದಿನ ನಿಲ್ದಾಣವನ್ನು ಸ್ಪಷ್ಟವಾಗಿ ತಿಳಿಸಿದರೆ, ಆರ್.ಪಿ.ಎಫ್. ಎಂದು ಕರೆಯಲಾಗುವ ರೈಲ್ವೆ ರಕ್ಷಣಾ ದಳದ ಸಿಬ್ಬಂದಿ ನೇರವಾಗಿ ಅದೇ ಬೋಗಿಗೆ ಬರಲು ಅನುಕೂಲವಾಗುತ್ತದೆ.

ಹಲ್ಲೆ, ಕಳವು, ಮಹಿಳೆಯರ ಮೇಲಿನ ದೌರ್ಜನ್ಯ ಮುಂತಾದ ಅಪರಾಧಗಳ ತನಿಖೆಯು ಆಯಾ ರಾಜ್ಯದ ರೈಲ್ವೆ ಪೊಲೀಸರ ಹೊಣೆ. ಆದರೆ ದೂರು ನೀಡುವುದಕ್ಕಾಗಿ ನಡುದಾರಿಯಲ್ಲಿ ಇಳಿಯಬೇಕಾಗಿಲ್ಲ. ದೂರಿನ ನಮೂನೆಯನ್ನು ಟಿಕೆಟು ಪರೀಕ್ಷಕರಿಂದಲೋ ಬೆಂಗಾವಲಿನ ಪೊಲೀಸರಿಂದಲೋ ಪಡೆದು, ಗಾಡಿಯಲ್ಲಿಯೇ ಭರ್ತಿ ಮಾಡಿ ಕೊಡಬಹುದು. ಅದನ್ನು ಮುಂದಿನ ಪೊಲೀಸ್ ಠಾಣೆಗೆ ತಲಪಿಸಲಾಗುತ್ತದೆ. ಘಟನೆಯ ವೇಳೆ ಮತ್ತು ಸ್ಥಳವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ದೂರು ನೀಡಿದವರ ಮಾತಿಗೆ ಸಹಪ್ರಯಾಣಿಕರು ದನಿಗೂಡಿಸಿದರೆ ಕ್ರಮ ಕೈಗೊಳ್ಳುವುದು ಸುಲಭವಾಗುತ್ತದೆ. ಒಬ್ಬರ ತೊಂದರೆ ತಮ್ಮದಲ್ಲವೆಂದು ಉಳಿದವರು ಮುಖ ತಿರುಗಿಸಿದಾಗಲೇ ದುಷ್ಟನಿಗೆ ಧೈರ್ಯ ಬರುತ್ತದೆ. ಸಕಾಲದಲ್ಲಿ ಆಡಿದ ಒಂದು ಮಾತು ಇಡೀ ಬೋಗಿಯ ಪ್ರಯಾಣವನ್ನು ಸುಗಮಗೊಳಿಸಬಲ್ಲದು.