ಗಾಡಿ ಎತ್ತಿಸೋ ಮೊದಲು ಕಾಯ್ದೆ ಓದ್ರಿ!

ನವಲಗುಂದಕ್ಕೂ ಕಲಘಟಗಿಗೂ ಒಂದೇ ಹೆದ್ದಾರಿ, ನಂಬರ್ 52. ಅಣ್ಣಿಗೇರಿಗೆ 67. ಲಾರಿ, ಬಸ್ಸು, ಟ್ರ್ಯಾಕ್ಟರ್ ಎಲ್ಲಕ್ಕೂ ಇದೇ ದಾರಿ. ದಾರಿ ಬದಿಗೇ ಕಾಯಿಪಲ್ಲೆ, ಹಣ್ಣು, ಮಿರ್ಚಿ ಭಜಿ ಗಾಡಿಗಳು.

ಬಸ್ಸಿಗೆ ನಿಂತವರು 'ಕಾಲಿಡಾಕ ಜಾಗಾ ಇಲ್ರೀ' ಅಂತಾರೆ. ಬಾಡಿಗೆ ಕಟ್ಟುವ ಅಂಗಡಿಕಾರರು 'ಗಾಡಿ ಎತ್ತಿಸ್ರಿ' ಅಂತಾರೆ. ಎರಡೂ ಖರೇ. ಆದರೆ ಎತ್ತಿಸಿದ ಗಾಡಿ ಎಲ್ಲಿಗೆ ಹೋಗಬೇಕು?

ಉತ್ತರ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿದೆ. ಸಮೀಕ್ಷೆ ಮುಗಿಯುವತನಕ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೆ ಎಬ್ಬಿಸಬೇಕಾದರೂ 30 ದಿನದ ನೋಟಿಸು ಬೇಕು. ಊರಿನ ಜನಸಂಖ್ಯೆಯ ಶೇಕಡಾ 2.5ರಷ್ಟು ವ್ಯಾಪಾರಿಗಳವರೆಗೆ ಜಾಗ ಗೊತ್ತುಮಾಡಬೇಕು. ಇದಕ್ಕೆಂದೇ ಇರುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40 ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳು.

ಗಾಡಿಯವರಿಗೆ ಕಾಯ್ದೆಯಾದರೂ ಇದೆ. ಮನೆಯಿಲ್ಲದೆ ಬಸ್ ನಿಲ್ದಾಣದ ಕಟ್ಟೆ ಮೇಲೆ ಮಲಗುವವರಿಗೆ? 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಹಾಕಿದ ಲೆಕ್ಕ: ಲಕ್ಷ ಜನಸಂಖ್ಯೆಗೆ 100 ಮಂದಿಯ ವಸತಿ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ, ನಾಲ್ಕರಲ್ಲಿ ಒಂದೂ ಲಕ್ಷದ ಊರಲ್ಲ! ಊರು ಸಣ್ಣದಾದರೆ ಚಳಿಯೂ ಸಣ್ಣದೇನು?

ಹೆದ್ದಾರಿಯವರು ಪುರಸಭೆ ಕಡೆ, ಪುರಸಭೆಯವರು ಪೊಲೀಸರ ಕಡೆ ಬೆರಳು ತೋರಿಸುವುದು ಸಾಕು. ಓಣಿಯವರು, ಅಂಗಡಿಕಾರರು, ಗಾಡಿಯವರು ಕೂಡಿ ಪುರಸಭೆ, ಪಟ್ಟಣ ಪಂಚಾಯತಿ ಮೆಟ್ಟಿಲು ಹತ್ತಿ ಎರಡೇ ಮಾತು ಕೇಳಲಿ: ವ್ಯಾಪಾರ ಸಮಿತಿ ಸಭೆ ಕಡೇ ಸಲ ಯಾವಾಗ ಕೂಡಿತ್ತು? ಗಾಡಿಗಳಿಗೆ ಗುರುತಿಸಿದ ಜಾಗ ಯಾವುದು?