ದೈತ್ಯ ಜಿಂಕೆಯ ಕೊಂಬು ಮತ್ತು ಗಾತ್ರದ ಲೆಕ್ಕ

ಬ್ಯಾಂಕಿನವರಾದ ನಾವು ದೊಡ್ಡ ಶಾಖೆಯ ಲಾಭವನ್ನು ಸಣ್ಣ ಶಾಖೆಯ ಲಾಭದೊಡನೆ ನೇರವಾಗಿ ಹೋಲಿಸುವುದಿಲ್ಲ. ಜೀವಿಗಳ ಆಕಾರವನ್ನು ತುಲನೆ ಮಾಡುವಾಗಲೂ ಇದೇ ವಿವೇಕ ಅಗತ್ಯ.

ಐರ್ಲೆಂಡಿನ ಜೌಗು ನೆಲದಡಿ ದೊರೆತ, ಇಂದು ಅಳಿದುಹೋಗಿರುವ ದೈತ್ಯ ಜಿಂಕೆಯ ಕೊಂಬುಗಳ ಹರವು ಸುಮಾರು 3.5 ಮೀಟರ್. ಈ ಅತಿಭಾರವೇ ಅದರ ವಿನಾಶಕ್ಕೆ ಕಾರಣವೆಂದು ಹಲವರು ಬಗೆದಿದ್ದರು.

ಆದರೆ ಜಿಂಕೆಗಳ ಕುಲದಲ್ಲಿ ದೇಹ ಹಿರಿದಾದಂತೆ ಕೊಂಬು ಅದಕ್ಕಿಂತಲೂ ಹೆಚ್ಚಿನ ಪ್ರಮಾಣದಲ್ಲಿ ಹಿರಿದಾಗುತ್ತದೆ. ಆದುದರಿಂದ ಕೊಂಬಿನ ಅಳತೆಯನ್ನು ದೇಹದ ಅಳತೆಯಿಂದ ಭಾಗಿಸಿದರೆ ಸಾಲದು. ಆ ಗಾತ್ರದ ಜಿಂಕೆಗೆ ಎಷ್ಟು ಕೊಂಬು ಸಹಜವೆಂಬುದನ್ನು ಇತರ ಜಾತಿಗಳಿಂದ ಅರಿಯಬೇಕು. 1974ರಲ್ಲಿ ಸ್ಟೀಫನ್ ಜೇ ಗೂಲ್ಡ್ ಹೀಗೆ ಲೆಕ್ಕಹಾಕಿದಾಗ, ಅವು ಆ ದೇಹಕ್ಕೆ ತಕ್ಕ ಕೊಂಬುಗಳೇ ಎಂದು ತಿಳಿಯಿತು. ಗಾತ್ರವನ್ನು ಮರೆತ ಹೋಲಿಕೆಯು ನಿರಪರಾಧಿ ಕೊಂಬಿಗೆ ಕಳಂಕ ಹೊರಿಸಿತ್ತು.